ಇಂವ ಯಾರ ಶಿಷ್ಯ?

ಝಿಲ್ವಾಕಿ ಸೇತುವೆ ಹತ್ತುವಾಗ ಮಾವನವರು ತಾವೇ ಕೈಚಾಚಿ ಕಾರಿನ ವಾಲ್ಯೂಮ್ ಜಾಸ್ತಿ ಮಾಡಿದರು. ನಮ್ಮ ಮನೆ ಮಟ್ಟಿಗೆ ಇದು ಸಣ್ಣ ಸುದ್ದಿ ಅಲ್ಲ. ಧಾರವಾಡದವರು. ಮಲ್ಲಿಕಾರ್ಜುನ ಮನ್ಸೂರರನ್ನು ಕೇಳದೆ ಬೆಳಗಿನ ಚಹಾ ಮುಟ್ಟದವರು. ಡೆಟ್ರಾಯಿಟ್ ಹತ್ತಿರದ ನಮ್ಮ ಮನೆಗೆ ಬಂದಾಗಿನಿಂದ ನನ್ನ ಜಾಝ್‌ಗೆ ಅವರು ಇಟ್ಟ ಹೆಸರು 'ಗದ್ಲ'. ಹಿಂದಿನ ಸೀಟಿನಲ್ಲಿದ್ದ ಅತ್ತೆ ಮತ್ತು ನನ್ನ ಹೆಂಡತಿಯ ಪೂರ್ತಿ ಬೆಂಬಲ ಆ ಹೆಸರಿಗಿತ್ತು.

ನಾವು ಮ್ಯಾಕಿನಾ ದ್ವೀಪಕ್ಕೆ ಹೊರಟಿದ್ದೆವು. ದಾರಿಯಲ್ಲಿ ಸ್ಯಾಗಿನಾ ಊರಿನ ಬೋರ್ಡ್ ಕಂಡಾಗ ನಾನು ಬೇಕಂತಲೇ ಸ್ಯಾಕ್ಸೋಫೋನ್ ವಾದಕ ಸನ್ನಿ ಸ್ಟಿಟ್‌ನ 'ಟ್ಯೂನ್-ಅಪ್!' ರೆಕಾರ್ಡ್ ಹಾಕಿದ್ದೆ. ಸ್ಟಿಟ್ ಹುಟ್ಟಿದ್ದು ಬಾಸ್ಟನ್‌ನಲ್ಲಿ, 1924ರಲ್ಲಿ. ಹೆತ್ತ ತಂದೆ ಎಡ್ವರ್ಡ್ ಬೋಟ್ನರ್ ಹಾಡುಗಾರ, ಸಂಗೀತದ ಮೇಷ್ಟ್ರು. ಮಗು ಬೇರೆ ಮನೆಗೆ ದತ್ತು ಹೋಗಿ ಸ್ಟಿಟ್ ಅನ್ನುವ ಹೆಸರು ಪಡೆದು ಬೆಳೆದದ್ದು ಈ ಸ್ಯಾಗಿನಾದಲ್ಲಿ. ಇಷ್ಟನ್ನು ಕಾರಿನಲ್ಲಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಸೇತುವೆ ಬಂತು, ವಾಲ್ಯೂಮ್ ಏರಿತು.

"ತಯಾರಿ ಭಾಳ ಅದ. ಇಂವ ಯಾರ ಶಿಷ್ಯ?"

"ಯಾರ ಶಿಷ್ಯನೂ ಅಲ್ಲ ಮಾವ. ಚಾರ್ಲಿ ಪಾರ್ಕರ್ ಅಂತ ಒಬ್ಬ ದೊಡ್ಡ ಸ್ಯಾಕ್ಸೋಫೋನ್ ವಾದಕ ಇದ್ದ. ಇವನು ಅವನ ಥರಾನೇ ನುಡಿಸ್ತಾನೆ ಅಂತ ಎಲ್ಲರೂ ಬೈತಾರೆ."

"ಬೈತಾರ? ಯಾಕ?"

ಸೇತುವೆ ಇಳಿದು ಮುಗಿದರೂ ನನಗೆ ಉತ್ತರ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ಅವರು ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು. ದೊಡ್ಡವನೊಬ್ಬನ ಹಾಗೇ ನುಡಿಸುವುದು, ಅದೂ ಇಷ್ಟು ಚೆನ್ನಾಗಿ ನುಡಿಸುವುದು ಬೈಸಿಕೊಳ್ಳುವ ಕೆಲಸ ಹೇಗಾಗುತ್ತೆ ಅನ್ನುವುದು ಅವರಿಗೆ ತಿಳಿಯಲೇ ಇಲ್ಲ. ಈ ವಾರ ಪೂರ್ತಿ ಆಫೀಸಿನಲ್ಲಿ, ಅಂಗಡಿಯ ಸಾಲಿನಲ್ಲಿ, ಪಾತ್ರೆ ತೊಳೆಯುವಾಗ ಆ "ಯಾಕ?" ನನ್ನ ಹಿಂದೆಯೇ ಸುತ್ತುತ್ತಿದೆ.

ಬೈಯುವವರಲ್ಲಿ ಒಬ್ಬ ನನ್ನ ಆಫೀಸಿನಲ್ಲೇ ಇದ್ದಾನೆ. ವಾರಾಂತ್ಯದಲ್ಲಿ ಬೇಸ್ ನುಡಿಸುತ್ತಾನೆ, ಜಾಝ್ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಕಡಿಮೆ. ಆದರೆ ಸ್ಟಿಟ್ ಹೆಸರು ಎತ್ತಿದರೆ ಸಾಕು, "ಅದು ಪಾರ್ಕರ್ ನಕಲು ಕಣೋ" ಅಂತ ಅಲ್ಲೇ ಮುಗಿಸಿಬಿಡುತ್ತಾನೆ. ಒಳ್ಳೆಯವನೇ. ಆದರೆ ಸಂಗೀತಕ್ಕಿಂತ ಸಂಗೀತದ ಚರಿತ್ರೆಯನ್ನು ಜಾಸ್ತಿ ಪ್ರೀತಿಸುವ ಜಾತಿ. ಯಾರು ಮೊದಲು, ಯಾರು ಆಮೇಲೆ ಅನ್ನುವ ಲೆಕ್ಕ ಮುಗಿಯುವ ತನಕ ಅವನ ಕಿವಿ ತೆರೆಯುವುದಿಲ್ಲ.

ಲೆಕ್ಕವೇ ಬೇಕು ಅಂದರೆ ಸ್ಟಿಟ್ ತಾನೇ ಹೇಳಿಕೊಂಡ ಕಥೆ ಒಂದಿದೆ. ಜೇ ಮೆಕ್‌ಶಾನ್ ಬ್ಯಾಂಡಿನ ರೆಕಾರ್ಡುಗಳಲ್ಲಿ ಪಾರ್ಕರ್‌ನನ್ನು ಅವನು ಕೇಳಿದ್ದ. 1943ರಲ್ಲಿ ಬೇರೊಂದು ಬ್ಯಾಂಡಿನ ಜೊತೆ ಕ್ಯಾನ್ಸಸ್ ಸಿಟಿಗೆ ಹೋದಾಗ ಆ ಮನುಷ್ಯನನ್ನು ಹುಡುಕಿಕೊಂಡು ಹೊರಟ. ಬೀದಿಯಲ್ಲೇ ಸಿಕ್ಕ. ಇಬ್ಬರೂ ಒಂದು ಕಡೆ ಹೋಗಿ ಕೂತು ನುಡಿಸಿದರು. ನೀನು ನನ್ನ ಹಾಗೇ ಕೇಳಿಸ್ತೀಯಲ್ಲ ಅಂತ ಪಾರ್ಕರ್ ಅಂದನಂತೆ. ಏನು ಮಾಡಲಿ, ನನಗೆ ಬರುವುದೇ ಹೀಗೆ ಅಂದನಂತೆ ಇವನು. ಆಗ ಪಾರ್ಕರ್‌ಗೆ ಇಪ್ಪತ್ಮೂರರ ಆಸುಪಾಸು, ಸ್ಟಿಟ್‌ಗೆ ಹತ್ತೊಂಬತ್ತು. ಬೀಬಾಪ್, ಅಂದರೆ ಪಾರ್ಕರ್ ಥರದವರು ಕಟ್ಟಿದ ವೇಗದ ಹೊಸ ಜಾಝ್, ಇನ್ನೂ ನೆಟ್ಟಗೆ ರೆಕಾರ್ಡೂ ಆಗಿರಲಿಲ್ಲ. ತಾನು ಆ ದಾರಿಗೆ ಸ್ವಂತವಾಗಿಯೇ ಬಂದೆ ಅನ್ನುವುದು ಸ್ಟಿಟ್‌ನ ವಾದ. ನಂಬುವವರೂ ಇದ್ದಾರೆ, ನಗುವವರೂ ಇದ್ದಾರೆ.

ನನ್ನ ಅನುಮಾನ ಬೇರೆ. ಸ್ವಂತವಾಗಿ ಬಂದೆ ಅಂತ ಅವನು ಸಾಬೀತು ಮಾಡಬೇಕಾಗಿ ಬಂದದ್ದೇ ಅನ್ಯಾಯ. ಈ ಹಣೆಪಟ್ಟಿ ಕಳಚಲು ಅವನು ಪಾರ್ಕರ್‌ನ ವಾದ್ಯವಾದ ಆಲ್ಟೋ ಸ್ಯಾಕ್ಸೋಫೋನ್ ಕೆಳಗಿಟ್ಟು, ಅದಕ್ಕಿಂತ ದೊಡ್ಡ, ತಗ್ಗಿನ ದನಿಯ ಟೆನರ್ ಎತ್ತಿಕೊಂಡ. 1949ರ ಕೊನೆ, 1950ರ ಶುರುವಿನಲ್ಲಿ ಬಡ್ ಪವೆಲ್‌ನ ಪಿಯಾನೋ, ಮ್ಯಾಕ್ಸ್ ರೋಚ್‌ನ ಡ್ರಮ್ ಜೊತೆ ಪ್ರೆಸ್ಟೀಜ್ ಕಂಪನಿಗೆ ಮಾಡಿದ ರೆಕಾರ್ಡುಗಳಲ್ಲಿ ಅವನು ನುಡಿಸಿದ್ದು ಟೆನರೇ. ಬಡ್ ಪವೆಲ್ ಎದುರಿಗೆ ಕೂತಾಗ ಎಂಥವನಿಗೂ ಬೆವರು ಬರಬೇಕು. ಇವನಿಗೆ ಬಂದ ಹಾಗೆ ಕಾಣುವುದಿಲ್ಲ. 1955ರಲ್ಲಿ ಪಾರ್ಕರ್ ಮೂವತ್ನಾಲ್ಕಕ್ಕೇ ತೀರಿಕೊಂಡ. ಆಮೇಲೂ ಹೋಲಿಕೆ ಸಾಯಲಿಲ್ಲ. 1963ರಲ್ಲಿ ಸ್ಟಿಟ್ ಪಾರ್ಕರ್‌ಗೆ ಸೇರಿದ ತುಣುಕುಗಳನ್ನೇ ಆರಿಸಿ 'ಸ್ಟಿಟ್ ಪ್ಲೇಸ್ ಬರ್ಡ್' ಅಂತ ಇಡೀ ರೆಕಾರ್ಡ್ ಮಾಡಿದ. 'ಬರ್ಡ್' ಅಂದರೆ ಪಾರ್ಕರ್‌ನ ಅಡ್ಡಹೆಸರು. ಓಡಿ ಓಡಿ ಸಾಕಾಗಿ, ಹೌದು ಕಣ್ರೋ ಅಂದ ಹಾಗಿದೆ.

ವ್ಯತ್ಯಾಸ ಇಲ್ಲವೇ? ಇದೆ. ಪಾರ್ಕರ್ ಎಲ್ಲಿ ನಿಲ್ಲಿಸುತ್ತಾನೆ, ಎಲ್ಲಿ ನೆಗೆಯುತ್ತಾನೆ ಅಂತ ನೂರು ಸಲ ಕೇಳಿದರೂ ಪೂರ್ತಿ ಪತ್ತೆ ಹತ್ತುವುದಿಲ್ಲ. ವಾಕ್ಯದ ನಡುವೆ ಉಸಿರು ತುಂಡಾದ ಹಾಗೆ ಮಾಡಿ ಇನ್ನೆಲ್ಲೋ ಏಳುತ್ತಾನೆ. ಸ್ಟಿಟ್ ಹಾಗಲ್ಲ. ಶುರು ಮಾಡಿದ ಮಾತನ್ನು ಮುಗಿಸಿಯೇ ಮುಗಿಸುತ್ತಾನೆ. ಎಷ್ಟೇ ವೇಗ ಇರಲಿ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಅಂಚು ತೊಳೆದಿಟ್ಟ ಹಾಗೆ ಕೇಳುತ್ತೆ. ಅವನು ತಪ್ಪಬಹುದು ಅನ್ನುವ ಭಯವೇ ಬರುವುದಿಲ್ಲ. ನಿಜ ಹೇಳಬೇಕು ಅಂದರೆ ಅವನ ದೋಷವೂ ಅದೇ. ನೂರಕ್ಕೂ ಹೆಚ್ಚು ರೆಕಾರ್ಡ್ ಮಾಡಿದ ಮನುಷ್ಯ. ಸ್ಯಾಕ್ಸೋಫೋನ್ ಚೀಲ ಹೆಗಲಿಗೆ ಹಾಕಿಕೊಂಡು ಊರೂರು ಸುತ್ತಿ, ಆಯಾ ಊರಿನವರನ್ನೇ ಜೊತೆಗೆ ಕೂರಿಸಿಕೊಂಡು ನುಡಿಸುತ್ತಿದ್ದ. 'ಒಂಟಿ ತೋಳ' ಅಂತಲೇ ಹೆಸರು. ಕರೆದವರಿಗೆಲ್ಲ ರೆಕಾರ್ಡ್ ಮಾಡಿಕೊಟ್ಟ. ಅರವತ್ತರ ದಶಕದ ಕೊನೆಯಲ್ಲಿ ಸ್ಯಾಕ್ಸೋಫೋನಿಗೆ ವೈರ್ ಸಿಕ್ಕಿಸುವ ವ್ಯಾರಿಟೋನ್ ಅನ್ನುವ ಯಂತ್ರವನ್ನೂ ಬಿಡಲಿಲ್ಲ. ಅದನ್ನು ನೀವು ಬಿಟ್ಟರೆ ನಷ್ಟವಿಲ್ಲ.

ಆದರೆ 1972! ಜಾಝ್ ಆಗ ಎಲೆಕ್ಟ್ರಿಕ್ ಗಿಟಾರು, ರಾಕ್ ತಾಳದ ಕಡೆ ಓಡುತ್ತಿತ್ತು. ನಲವತ್ತೆಂಟರ ಸ್ಟಿಟ್ ಅದೇ ವರ್ಷ ಕಾಬಲ್‌ಸ್ಟೋನ್ ಅನ್ನುವ ಸಣ್ಣ ಕಂಪನಿಗೆ ಎರಡು ರೆಕಾರ್ಡ್ ಮಾಡಿದ, 'ಟ್ಯೂನ್-ಅಪ್!' ಮತ್ತು 'ಕಾನ್‌ಸ್ಟೆಲೇಶನ್'. ಯಂತ್ರ ಇಲ್ಲ, ವೈರ್ ಇಲ್ಲ. ಆಲ್ಟೋ, ಟೆನರ್ ಎರಡನ್ನೂ ಹಿಡಿದು ನೇರವಾಗಿ ಬೀಬಾಪ್. ಎರಡರಲ್ಲೂ ಪಿಯಾನೋ ಬ್ಯಾರಿ ಹ್ಯಾರಿಸ್, ಬೇಸ್ ಸ್ಯಾಮ್ ಜೋನ್ಸ್. ಡ್ರಮ್ ಒಂದರಲ್ಲಿ ಅಲನ್ ಡಾಸನ್, ಇನ್ನೊಂದರಲ್ಲಿ ರಾಯ್ ಬ್ರೂಕ್ಸ್. ಬ್ಯಾರಿ, ರಾಯ್ ಇಬ್ಬರೂ ನಮ್ಮ ಡೆಟ್ರಾಯಿಟ್‌ನವರು ಅನ್ನುವುದು ನನಗೆ ಸುಮ್ನೆ ಒಂದು ಹೆಮ್ಮೆ, ನಾನೇನು ಕಡಿದು ಕಟ್ಟೆ ಹಾಕಿದ್ದೇನೋ ಅನ್ನುವ ಹಾಗೆ. 'ಕಾನ್‌ಸ್ಟೆಲೇಶನ್' ಅನ್ನುವುದು ಪಾರ್ಕರ್‌ನದೇ ರಚನೆ. ಅದನ್ನು ಸ್ಟಿಟ್ ಮೊದಲನೆಯದಾಗಿ ಇಟ್ಟಿದ್ದಾನೆ. ಮಿಕ್ಕದ್ದರಲ್ಲಿ ಬಡ್ ಪವೆಲ್‌ನದೊಂದು, ಟ್ಯಾಡ್ ಡ್ಯಾಮರಾನ್‌ನದೊಂದು.

ಮ್ಯಾಕಿನಾ ತಲುಪುವ ಹೊತ್ತಿಗೆ ಮಾವನವರು ತೊಡೆಯ ಮೇಲೆ ತಾಳ ಹಾಕಲು ಶುರು ಮಾಡಿದ್ದರು. 'ಟ್ಯೂನ್-ಅಪ್!' ಕೊನೆಯಲ್ಲಿ ಗರ್ಶ್ವಿನ್‌ನ 1930ರ 'ಐ ಗಾಟ್ ರಿದಮ್' ಇದೆ. ಬೀಬಾಪ್‌ನವರು ಈ ಹಾಡಿನ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸಾಲನ್ನು ತೆಗೆದುಕೊಂಡು ಅದರ ಮೇಲೆ ಲೆಕ್ಕವಿಲ್ಲದಷ್ಟು ಹೊಸ ರಾಗ ಕಟ್ಟಿದ್ದಾರೆ. ಎಂಟೆಂಟು ಬಾರ್‌ನ, ಅಂದರೆ ತಾಳದ ಎಂಟೆಂಟು ಸುತ್ತಿನ, ನಾಲ್ಕು ಭಾಗ. ಒಂದು, ಎರಡು, ನಾಲ್ಕನೆಯದು ಒಂದೇ ಥರ. ಮೂರನೆಯದು ಮಾತ್ರ ಬೇರೆ. ನಾನು ಇದನ್ನೆಲ್ಲ ಹೇಳಿರಲಿಲ್ಲ. ಮಾವನವರು ಕಣ್ಣು ಮುಚ್ಚಿಕೊಂಡು, ಬೆರಳು ಮಡಿಸಿ, ತಾಳದ ಸಮ (ಮೊದಲ ಪೆಟ್ಟು) ಎಲ್ಲಿದೆ ಅಂತ ಹುಡುಕುತ್ತಿದ್ದರು. ಎರಡು ಸಲ ಕೈ ತಪ್ಪಿತು. ತಲೆ ಅಲ್ಲಾಡಿಸಿ ಮತ್ತೆ ಮೊದಲಿಂದ ಹಿಡಿದರು. ಆಮೇಲೆ ಥಟ್ಟನೆ ಕಣ್ಣು ಬಿಟ್ಟು ಹೇಳಿದರು:

"ಮೂರನೇ ಸಲ ಬ್ಯಾರೆ ಮನಿಗೆ ಹೋಗ್ತಾನ ನೋಡ್ರಿ. ನಾಕನೇ ಸಲಕ್ಕ ಹೊಳ್ಳಿ ಬರ್ತಾನ."

ನನಗೆ ಇದು ತಿಳಿಯಲು ಪುಸ್ತಕ ಬೇಕಾಗಿತ್ತು. ಅವರಿಗೆ ತೊಡೆ ಸಾಕಾಯಿತು. ಅತ್ತೆ ಹಿಂದಿನಿಂದ "ಇನ್ನ ಇಬ್ಬರಾದ್ರು" ಅಂತ ನಿಟ್ಟುಸಿರು ಬಿಟ್ಟರು.

ವಾಪಸು ಬಂದ ಮೇಲೆ ಅವರಿಗೆ 'ಸನ್ನಿ ಸೈಡ್ ಅಪ್' ಕೇಳಿಸಿದೆ. 1957ರ ಡಿಸೆಂಬರಿನದು. ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಇಬ್ಬರು ಸನ್ನಿಗಳನ್ನು, ಸ್ಟಿಟ್ ಮತ್ತು ರಾಲಿನ್ಸ್, ಎದುರುಬದುರು ನಿಲ್ಲಿಸಿದ್ದು. ಅದರಲ್ಲಿ 'ಇಟರ್ನಲ್ ಟ್ರಯಾಂಗಲ್' ಅಂತ ಹದಿನಾಲ್ಕು ನಿಮಿಷದ ಒಂದಿದೆ, ಸ್ಟಿಟ್‌ನದೇ ರಚನೆ. ಇಬ್ಬರೂ ಟೆನರ್. ಕೊನೆಗೆ ಕೆಲವೇ ಬಾರ್‌ಗಳನ್ನು ಹಂಚಿಕೊಂಡು ಒಬ್ಬನ ಬಾಯಿಂದ ಇನ್ನೊಬ್ಬ ಮಾತು ಕಿತ್ತುಕೊಳ್ಳುತ್ತಾರೆ. ಮಾವನವರು ಕುರ್ಚಿಯ ತುದಿಗೆ ಬಂದು ಕೂತಿದ್ದರು. ಯಾರು ಗೆದ್ದರು ಅಂತ ಕೇಳಿದೆ. "ಜುಗಲ್‌ಬಂದಿಯೊಳಗ ಹಂಗ ಕೇಳಬಾರದು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ಸ್ಟಿಟ್‌ನ" ಅಂದರು.

ಅಲ್ಲಿಗೆ ಮತ್ತೆ ಅದೇ ಪ್ರಶ್ನೆ ಬಂತು. ಬೈಯುವುದು ಯಾಕೆ? ನಮ್ಮ ಕುಮಾರ ಗಂಧರ್ವರೂ ಸಣ್ಣವರಿದ್ದಾಗ ದೊಡ್ಡ ದೊಡ್ಡವರ ಗ್ರಾಮಫೋನ್ ರೆಕಾರ್ಡ್ ಕೇಳಿ ಇದ್ದದ್ದು ಇದ್ದ ಹಾಗೆ ಹಾಡುತ್ತಿದ್ದರು, ಜನ ಬೆರಗಾಗಿ ಆ ಹೆಸರು ಕೊಟ್ಟರು, ಯಾರೂ ಕಳ್ಳ ಅನ್ನಲಿಲ್ಲ ಅಂತ ಮಾವನವರ ವಾದ. ಬೆಳಗಾವಿಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರರದೂ ಇಸವಿ 1924. ಸ್ಟಿಟ್‌ನದೇ ವಾರಿಗೆ! ಇದನ್ನು ಹೇಳಿದಾಗ ಮಾವನವರಿಗಿಂತ ನನಗೇ ಮೈ ಜುಮ್ಮೆಂದಿತು. ಆದರೆ ಕುಮಾರರು ಮುಂದೆ ಮುಂಬೈಯಲ್ಲಿ ದೇವಧರರ ಹತ್ತಿರ ಕಲಿತರು, ಕ್ಷಯ ಬಂದು ದೇವಾಸ್‌ನಲ್ಲಿ ವರ್ಷಗಟ್ಟಲೆ ದನಿ ಎತ್ತದೆ ಮಲಗಿದರು, ಎದ್ದ ಮೇಲೆ ಮಾಳವದ ಜನಪದವನ್ನು ತಂದು ಯಾರ ಹಾಗೂ ಅಲ್ಲದ ಹಾಡು ಹಾಡಿದರು. ಸ್ಟಿಟ್ ಹಾಗೆ ಮನೆ ಬಿಡಲಿಲ್ಲ ಅಂದೆ. ಮಾವನವರ ಮುಖ ಸ್ವಲ್ಪ ಗಂಟಾಯಿತು. ಅವರಿಗೆ ಆ ನಂತರದ ಕುಮಾರರು ಅಷ್ಟಕ್ಕಷ್ಟೇ. ಮನೆ ಬಿಡುವುದೇ ದೊಡ್ಡದು ಅಂತ ಯಾರು ಹೇಳಿದರು ಅನ್ನುವುದು ಅವರ ಮುಂದಿನ ಪ್ರಶ್ನೆ. ಅದೂ ಉಳಿದುಕೊಂಡಿದೆ.

"ಹಂಗಾರ ಪಾರ್ಕರ್ ಯಾರ ಶಿಷ್ಯ?"

ಈ ಸಲ ಉತ್ತರ ಇತ್ತು. 1937ರ ಬೇಸಿಗೆಯಲ್ಲಿ ಪಾರ್ಕರ್ ಓಝಾರ್ಕ್ ಬೆಟ್ಟದ ಕಡೆ ಒಂದು ರೆಸಾರ್ಟಿನಲ್ಲಿ ನುಡಿಸಲು ಹೋಗಿದ್ದ. ಜೊತೆಗೆ ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್‌ನ ರೆಕಾರ್ಡುಗಳನ್ನು ಒಯ್ದು ಅವನ ಸೋಲೋಗಳನ್ನು ಸ್ವರಸ್ವರವೂ ಬಾಯಿಪಾಠ ಮಾಡಿದ. ಬರುವಾಗ ಬೇರೆಯೇ ಮನುಷ್ಯ ಆಗಿ ಬಂದ ಅಂತಾರೆ. ಲೆಸ್ಟರ್ ಯಂಗ್? ಅವನು ಇನ್ನೊಬ್ಬ ಸ್ಯಾಕ್ಸೋಫೋನ್ ವಾದಕ ಫ್ರ್ಯಾಂಕಿ ಟ್ರಂಬಾವರ್‌ನ ರೆಕಾರ್ಡ್ ಇಟ್ಟುಕೊಂಡು ಕಲಿತವನು. ಹೀಗೆ ಗುರುವಿನ ಹತ್ತಿರ ಪಾಠಕ್ಕೆ ಕೂರದೆ, ಕಾಲು ಮುಟ್ಟದೆ, ಅರಗಿನ ತಟ್ಟೆಯಿಂದ ಕಲಿತ ಸಾಲು ಇದು. 'ಟ್ಯೂನ್-ಅಪ್!'ನಲ್ಲಿ 'ಬ್ಲೂಸ್ ಫಾರ್ ಪ್ರೆಝ್ ಆಂಡ್ ಬರ್ಡ್' ಅಂತ ಒಂದಿದೆ. ಪ್ರೆಝ್ ಅಂದರೆ ಲೆಸ್ಟರ್ ಯಂಗ್. ಬೈಗುಳ ತಿಂದು ತಿಂದು ನಲವತ್ತೆಂಟು ದಾಟಿದವನು ಇಬ್ಬರ ಹೆಸರನ್ನೂ ತಾನೇ ತಲೆಬರಹದಲ್ಲಿ ಬರೆದಿದ್ದಾನೆ. ಮಾವನವರು "ಮತ್ತ ನೀವು ಯಾರ ಶಿಷ್ಯನೂ ಅಲ್ಲ ಅಂದ್ರಿ?" ಅಂತ ನನ್ನ ಕಡೆ ನೋಡಿದರು.

ಶುಕ್ರವಾರ ಇದನ್ನೆಲ್ಲ ಆಫೀಸಿನ ಗೆಳೆಯನಿಗೆ ಒಪ್ಪಿಸಿದೆ. ಕಾಫಿ ಮುಗಿಯುವ ತನಕ ಕೇಳಿದ. ಕಪ್ ಬಿಸಾಕಿ, "ಏನೇ ಹೇಳು, ಪಾರ್ಕರ್ ಪಾರ್ಕರೇ" ಅಂದ. ಸಂಜೆ ಮನೆಯಲ್ಲಿ ಅದನ್ನು ಹೇಳಿದೆ. ಮಾವನವರು ಹುರುಳಿಕಾಯಿ ಸೋಸುತ್ತಿದ್ದರು. ತಲೆ ಎತ್ತದೆ, "ಅಲ್ಲ ಅಂತ ಯಾರಂದ್ರು?" ಅಂದರು.