ಡೀಟ್ರಿಕ್ ಮುಖದ ಆ ಒಂದೇ ದೀಪ

'ಶಾಂಘಾಯ್ ಎಕ್ಸ್‌ಪ್ರೆಸ್' (1932) ಚಿತ್ರದಲ್ಲಿ ನಟಿ ಮಾರ್ಲೀನ್ ಡೀಟ್ರಿಕ್ ರೈಲಿನ ಕತ್ತಲಲ್ಲಿ ಬಾಗಿಲಿಗೊರಗಿ ಮೇಲೆ ನೋಡುವ ಶಾಟ್ ಇದೆ. ಛಾಯಾಗ್ರಾಹಕ ಲೀ ಗಾರ್ಮ್ಸ್‌ಗೆ ಆಸ್ಕರ್ ತಂದ ಚಿತ್ರ ಅದು. ಬೆಳಕಿನ ಶ್ರೇಯ ತನ್ನದೇ ಎಂದು ನಿರ್ದೇಶಕ ಸ್ಟರ್ನ್‌ಬರ್ಗ್ ಹೇಳಿಕೊಂಡದ್ದು ಬೇರೆ ಮಾತು. ಆ ಬೆಳಕನ್ನು ಕೋಣೆಯೊಂದರಲ್ಲಿ ಕಟ್ಟೋಣ ಅಂತ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶುರುವಾದ ಕೆಲಸ ಮುಗಿದಾಗ ಸಂಜೆ ಐದು.

ಮೊದಲು ಕಟ್ಟಿದ್ದು ಸಾಫ್ಟ್‌ಬಾಕ್ಸ್, ಅಂದರೆ ಬೆಳಕನ್ನು ಹರಡಿ ಮೆತ್ತಗಾಗಿಸುವ ಬಟ್ಟೆಯ ಪೆಟ್ಟಿಗೆ. ಅದೇ ತಪ್ಪು. ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳಿನ ಅಂಚು ಕರಗುತ್ತದೆ, ಕೆನ್ನೆ ಮೈದಾ ಮುದ್ದೆಯಂತೆ ಕಾಣುತ್ತದೆ. ಅದನ್ನು ತೆಗೆದು 650 ವ್ಯಾಟ್‌ನ ಫ್ರೆನೆಲ್ ದೀಪ, ಅಂದರೆ ಮುಂದಿನ ಲೆನ್ಸಿನಿಂದ ಬೆಳಕನ್ನು ಒಟ್ಟುಗೂಡಿಸುವ ದೀಪ, ಹಾಕಿದೆವು. ಕೂತವರ ಮುಖ ನೆಲದಿಂದ 1.2 ಮೀಟರ್. ದೀಪ ಕ್ಯಾಮೆರಾದ ನೇರಕ್ಕೆ, ಮುಖದಿಂದ 1.2 ಮೀಟರ್ ಮುಂದೆ, 2.4 ಮೀಟರ್ ಎತ್ತರದಲ್ಲಿ. ಅಂದರೆ 45 ಡಿಗ್ರಿ. ಮೂಗಿನ ಕೆಳಗೆ ಚಿಟ್ಟೆಯಾಕಾರದ ಪುಟ್ಟ ನೆರಳು ಮೂಡಿತು. ಅದು ಮೇಲ್ತುಟಿ ಮುಟ್ಟಬಾರದು. ಮುಟ್ಟಿದರೆ ಮೀಸೆ ಬಂದ ಹಾಗೆ. ತಲೆಯ ನೆರಳು 1.2 ಮೀಟರ್ ಹಿಂದೆ ನೆಲಕ್ಕೆ ಬೀಳುವುದರಿಂದ ಗೋಡೆಯನ್ನು ಎರಡೂವರೆ ಮೀಟರ್ ದೂರ ಬಿಟ್ಟರೆ ಸಾಕು. ಚೆಲ್ಲುವ ಬೆಳಕನ್ನು ಬಾರ್ನ್ ಡೋರ್‌ನಲ್ಲಿ, ಅಂದರೆ ದೀಪದ ಮುಂದಿನ ಮಡಚುವ ರೆಕ್ಕೆಗಳಲ್ಲಿ, ಕತ್ತರಿಸಬೇಕು.

ಕೆನ್ನೆಯ ಗುಳಿಗಾಗಿ ಡೀಟ್ರಿಕ್ ಹಿಂದಿನ ಹಲ್ಲು ಕೀಳಿಸಿಕೊಂಡಳು ಎಂಬ ಗಾಳಿಸುದ್ದಿ ಹಳೆಯದು. ದೀಪ ಇಷ್ಟು ಎತ್ತರಕ್ಕೆ ಏರಿದರೆ ಯಾರ ಕೆನ್ನೆಯಾದರೂ ಇಳಿಯುತ್ತದೆ, ದಂತವೈದ್ಯರು ಬೇಡ.

ನಿಜವಾದ ಪೇಚು ಕಣ್ಣಿನದು. ಗದ್ದ ಎರಡು ಬೆರಳು ತಗ್ಗಿದರೂ ಹುಬ್ಬಿನ ನೆರಳು ಕಣ್ಣನ್ನು ನುಂಗುತ್ತದೆ, ಕಣ್ಣಿನೊಳಗಿನ ಹೊಳಪಿನ ಚುಕ್ಕಿ ಮಾಯ. ಎದುರಿಗೆ ಇನ್ನೊಂದು ದೀಪ ಇಟ್ಟು ತುಂಬಿಸಿದೆವು. ಕಣ್ಣು ಬಂತು, ಕೆನ್ನೆ ಹೋಯಿತು. ಕೊನೆಗೆ ಉಳಿದದ್ದು ಒಂದೇ ದಾರಿ: ಗದ್ದ ಎತ್ತಿ ದೀಪದ ಕಡೆ ನೋಡುವುದು. ವಿಷಾದ, ನಿಗೂಢ ಎಂದೆಲ್ಲ ಹೊಗಳಿಸಿಕೊಂಡ, ಮೇಲೆತ್ತಿದ ಆ ನೋಟದಲ್ಲಿ ಅರ್ಧ ಪಾಲು ದೀಪದ ಬೇಡಿಕೆ. ಡೀಟ್ರಿಕ್ ಕ್ಯಾಮೆರಾ ಪಕ್ಕ ನಿಲುಗನ್ನಡಿ ಇಡಿಸಿಕೊಳ್ಳುತ್ತಿದ್ದದ್ದು ಬರೀ ಒನಪಿಗಲ್ಲ. ಮುಖ ಎಲ್ಲಿ ಬೆಳಗುತ್ತದೆ, ಎಲ್ಲಿ ಆರುತ್ತದೆ ಎಂದು ತಾನೇ ನೋಡಿಕೊಳ್ಳಲು. ನಾವೂ ಕನ್ನಡಿ ತಂದಿಟ್ಟ ಮೇಲೆ ಕೂಗಿ ಹೇಳುವ ಕೆಲಸ ತಪ್ಪಿತು.

ಚಿತ್ರ ಮೆತ್ತಗಾಗಲೆಂದು ಲೆನ್ಸಿನ ಹಿಂದೆ ಕಪ್ಪು ಸ್ಟಾಕಿಂಗ್‌ನ ಬಲೆಯಂಥ ಬಟ್ಟೆ ಬಿಗಿದೆವು. ಬಿಳಿಯದಾದರೆ ಕಪ್ಪುಗಳೆಲ್ಲ ಬೂದಿಯಾಗುತ್ತವೆ. ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 2.8ರಲ್ಲಿ ಅಗಲವಾಗಿದ್ದಾಗ ಸರಿಯಿತ್ತು, ಎಫ್ 8ಕ್ಕೆ ಕಿರಿದು ಮಾಡಿದಾಗ ಬಲೆಯ ಗುರುತು ಹೊಳಪಿನ ಜಾಗಗಳಲ್ಲಿ ಎದ್ದು ಬಂತು.

ಹೊಗೆಗೆ ಅಗರಬತ್ತಿ. ಮುಂದಿನ ದೀಪ ಬಿದ್ದರೆ ಹೊಗೆ ಹಾಲಿನ ಪರದೆಯಾಗಿ ಮುಖ ಮುಚ್ಚುತ್ತದೆ, ಹಾಗಾಗಿ ಹಿಂಬದಿಯ ಮೇಲಿನಿಂದ ಒಂದು ಸಣ್ಣ ದೀಪ ಬೇಕು. ಕೂದಲಿನ ಅಂಚೂ ಅದರಲ್ಲೇ ಬೆಳಗುತ್ತದೆ. ಫ್ಯಾನ್ ಹಾಕಿದರೆ ಹೊಗೆ ಚೆದುರುತ್ತದೆ, ಹಾಕದಿದ್ದರೆ 650 ವ್ಯಾಟ್ ಕಾವಿಗೆ ಹಣೆ ಬೆವರಿ ಮಿಂಚುತ್ತದೆ. ಪ್ರತಿ ಹತ್ತು ನಿಮಿಷಕ್ಕೆ ದೀಪ ಆರಿಸಿ, ಫ್ಯಾನ್ ಹಾಕಿ, ಪೌಡರ್ ಒತ್ತಿ, ಮತ್ತೆ ಹೊಗೆ.

ಫ್ರೇಮ್ ಸಿಕ್ಕಿತು. ಮೇಲೆ ನೋಡಿ ನೋಡಿ ಕೂತವರ ಕತ್ತು ಮಾತ್ರ ಹಿಡಿದುಕೊಂಡಿತ್ತು.