ಕರಗದೆ ಉಳಿದ ಸತು

ಗುಜರಿ ಕಬ್ಬಿಣ ಕರಗಿಸುವ ವಿದ್ಯುತ್ ಕುಲುಮೆಯ ದೂಳು ನೋಡಲು ಏನೇನೂ ಅಲ್ಲ. ಕಂದುಬಣ್ಣದ ಹುಡಿ, ಕೈಗವಸಿಗೆ ಮೆತ್ತಿಕೊಂಡರೆ ಬಿಡುವುದಿಲ್ಲ. ಆದರೆ ಒಂದು ಟನ್ ಉಕ್ಕಿಗೆ 15ರಿಂದ 20 ಕಿಲೋ ಬೀಳುವ ಈ ದೂಳಿನಲ್ಲಿ ಸತುವಿನ ಪಾಲು ಶೇ. 20 ದಾಟುವುದುಂಟು. ಗಣಿಯಿಂದ ತೆಗೆಯುವ ಎಷ್ಟೋ ಅದಿರಿನಲ್ಲಿ ಅಷ್ಟಿರುವುದಿಲ್ಲ. ತುಕ್ಕು ಹಿಡಿಯದಿರಲೆಂದು ತಗಡಿಗೆ ಬಳಿದ ಸತು ಗುಜರಿಯ ಜೊತೆ ಕುಲುಮೆ ಸೇರುತ್ತದೆ. ಅಲ್ಲಿ 1,600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು. ಸತು ಕುದಿಯುವುದು 907 ಡಿಗ್ರಿಗೆ. ಆವಿಯಾಗಿ ಮೇಲೆದ್ದು, ಆಮ್ಲಜನಕ ಕೂಡಿಕೊಂಡು, ಫಿಲ್ಟರ್ ಚೀಲದಲ್ಲಿ ಬಂದು ಕೂರುತ್ತದೆ. ಸೀಸ, ಕ್ಯಾಡ್ಮಿಯಂ ಕೂಡ ಬೆನ್ನಿಗೇ ಬರುವುದರಿಂದ ಅದನ್ನು ಎಲ್ಲೆಂದರಲ್ಲಿ ಸುರಿಯುವಂತೆಯೂ ಇಲ್ಲ.

ಒಂದು ದಿನ ನಮ್ಮ ಲ್ಯಾಬಿನಲ್ಲಿ ಈ ಸತುವನ್ನು ಹೊರತೆಗೆಯಲೆಂದು ದೂಳನ್ನು ಮೊದಲು ನೀರಿನಲ್ಲಿ ತೊಳೆದು ಕ್ಲೋರೈಡ್ ಕಳೆದೆವು. ಆಮೇಲೆ ತೆಳು ಸಲ್ಫ್ಯೂರಿಕ್ ಆಮ್ಲಕ್ಕೆ ಹಾಕಿ ಕಲಕಲು ಬಿಟ್ಟೆ. ಸೋಸಿದಾಗ ಬಂದದ್ದು ಬಣ್ಣವೇ ಇಲ್ಲದ ತಿಳಿ ದ್ರಾವಣ. ಅಳೆದು ನೋಡಿದರೆ ದೂಳಿನ ಸತುವಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ದ್ರಾವಣಕ್ಕೆ ಇಳಿದಿತ್ತು, ಅಷ್ಟೇ. ಮತ್ತಷ್ಟು ಹೊತ್ತು ಕಲಕಿದರೂ ಅಂಕಿ ಮೇಲೇಳಲಿಲ್ಲ.

"ಬೀಕರಿನಿಂದ ಆ ಮ್ಯಾಗ್ನೆಟ್ ತೆಗೆದು ನೋಡು" ಅಂದರು ನಮ್ಮ ಮೇಡಂ.

ಚಿಮುಟದಲ್ಲಿ ಎತ್ತಿದೆ. ಕಲಕುವ ಆ ಪುಟ್ಟ ಬಿಳಿ ಕಡ್ಡಿಯ ಎರಡೂ ತುದಿಗೆ ಕರಿಗಂದು ಹುಡಿ ಕಂಬಳಿಹುಳುವಿನ ಮೈಯಂತೆ ನಿಗುರಿ ನಿಂತಿತ್ತು. ನೀರು ಹಾಯಿಸಿದರೂ ಜಾರಲಿಲ್ಲ. ಕಬ್ಬಿಣದ ಆಕ್ಸೈಡ್ ಅದು, ಜೊತೆಗೆ ಸತು ಫೆರೈಟ್. ಕುಲುಮೆಯ ಬಿಸಿಯಲ್ಲೇ ಸತು ಕಬ್ಬಿಣದೊಂದಿಗೆ ಒಂದೇ ಹರಳಾಗಿ ಬೆಸೆದುಕೊಂಡುಬಿಟ್ಟಿರುತ್ತದೆ. ಬಿಡಿಯಾಗಿದ್ದ ಸತು ಆಕ್ಸೈಡ್ ಆಮ್ಲಕ್ಕೆ ಸಲೀಸಾಗಿ ಕರಗಿತ್ತು, ಫೆರೈಟ್ ಜಗ್ಗಿರಲಿಲ್ಲ.

ಕಡು ಆಮ್ಲ ಹಾಕಿ ಕಾಯಿಸಿದರೆ ಅದೂ ಕರಗುತ್ತದೆ. ಅದನ್ನೂ ಮಾಡಿದೆವು. ಸತುವಿನ ಅಂಕಿ ಚೆನ್ನಾಗಿಯೇ ಬಂತು, ಆದರೆ ಈ ಸಲದ ದ್ರಾವಣ ಹಳದಿಗಂದು. ಕಬ್ಬಿಣವೆಲ್ಲ ಜೊತೆಗೆ ಇಳಿದಿತ್ತು. ಅದನ್ನು ಬೇರ್ಪಡಿಸಲು ಜಾರೊಸೈಟ್ ಎಂಬ ಕಬ್ಬಿಣದ ಲವಣವಾಗಿ ತಳದಲ್ಲಿ ಕೂರಿಸಬೇಕು. ಆ ಹಳದಿ ಕೆಸರಿಗೆ ಮತ್ತೆ ಗುಂಡಿ ತೋಡಬೇಕು! ಒಂದು ಕಸ ತೆಗೆದು ಇನ್ನೊಂದು ಕಸ ಮಾಡುವ ಈ ದಾರಿ ನನಗೆ ಅವತ್ತೂ ಒಪ್ಪಿಗೆಯಾಗಲಿಲ್ಲ, ಇವತ್ತೂ ಇಲ್ಲ. ಎಷ್ಟು ಸತು ಸಿಕ್ಕಿತು ಎಂದು ಬರೆಯುವವರು ಕಬ್ಬಿಣ ಎಲ್ಲಿ ಹೋಯಿತು ಎಂದೂ ಬರೆಯಬೇಕು.

ಮಧ್ಯಾಹ್ನದ ಮೇಲೆ ಕೋಕ್ ಪುಡಿ ಬೆರೆಸಿ ಕೊಳವೆ ಕುಲುಮೆಗಿಟ್ಟೆವು, 1,100 ಡಿಗ್ರಿಗೆ. ದೊಡ್ಡ ಕಾರ್ಖಾನೆಗಳ ತಿರುಗುವ ವೇಲ್ಜ್ ಕುಲುಮೆಯಲ್ಲಿ ನಡೆಯುವುದೂ ಇದೇ. ಇಂಗಾಲ ಆಮ್ಲಜನಕವನ್ನು ಕಸಿದುಕೊಂಡಾಗ ಫೆರೈಟ್ ಒಡೆಯುತ್ತದೆ. ಸತು ಆವಿಯಾಗಿ ಹೊರಟು, ಕಬ್ಬಿಣ ಅಲ್ಲೇ ಉಳಿಯುತ್ತದೆ.

ಆರಿದ ಮೇಲೆ ತೆಗೆದರೆ ಕೊಳವೆಯ ತಣ್ಣನೆ ತುದಿಯಲ್ಲಿ ಬೂದುಬಿಳಿ ಪುಡಿ ಕಟ್ಟಿತ್ತು. ದೋಣಿಯಾಕಾರದ ಬಟ್ಟಲಿನಲ್ಲಿ ಉಳಿದ ಕರಿ ಉಂಡೆಯಲ್ಲಿ ಸತು ಹೆಸರಿಗಷ್ಟೇ ಇತ್ತು. ಬಿಳಿ ಪುಡಿಯಲ್ಲಿ ಸೀಸವೂ ಬಂದಿತ್ತು. ಆಮ್ಲಕ್ಕೆ ಹಾಕಿದಾಗ ಅದು ಸಲ್ಫೇಟ್ ಆಗಿ ತಳದಲ್ಲೇ ನಿಂತಿತು, ಸತು ಮಾತ್ರ ಕರಗಿತು. ಕರಿ ಉಂಡೆಯನ್ನು ಮೇಡಂ ಬೇರೆ ಡಬ್ಬಿಗೆ ಹಾಕಿ ಚೀಟಿ ಅಂಟಿಸಿದರು: 'ಕಬ್ಬಿಣ, ಎಸೆಯಬಾರದು.'