ತಳ್ಳು, ಒತ್ತು, ಹೊಡೆ: ಒಂದು ಬೇರಿಂಗ್ ಕಲಿಸಿದ ಪಾಠ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸ ನನ್ನದು. 11 ವರ್ಷ ಬರೀ ಸ್ಪ್ಯಾನರ್ ಹಿಡಿದೆ. ಈಗ ಕೆಲವು ವರ್ಷಗಳಿಂದ ಇನ್ನೊಂದು ಕೆಲಸವೂ ಸೇರಿಕೊಂಡಿದೆ. ಯಂತ್ರದ ಜೊತೆ ಬರುವ ಇಂಗ್ಲಿಷ್ ಮ್ಯಾನ್ಯುಯಲ್ ಓದಿ, ಅದರಲ್ಲಿ ಬೇಕಾದ್ದನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ, ಯಂತ್ರದ ಪಕ್ಕ ಅಂಟಿಸಬೇಕು. ಐಟಿಐ ಮುಗಿಸಿ ನಮ್ಮಲ್ಲಿಗೆ ಬರುವ ಹುಡುಗರು ತುಮಕೂರು, ಹಾಸನ, ರಾಯಚೂರು, ಬಾಗಲಕೋಟೆ ಕಡೆಯವರು. ಇಂಗ್ಲಿಷ್ ಓದಲು ಅವರಿಗೆ ಬರುತ್ತದೆ. ಆದರೆ ಕೈಯೆಲ್ಲ ಗ್ರೀಸ್ ಆಗಿರುವಾಗ 40 ಪುಟ ತಿರುವಿ ಹಾಕುವುದು ಯಾರಿಗಾದರೂ ಕಷ್ಟವೇ ಅಲ್ವಾ?

ಮೊದಲ ವರ್ಷ ಒಂದು ಮೋಟರಿನ ಬೇರಿಂಗ್ ಬದಲಾಯಿಸುವ ಹಾಳೆ ಬರೆದೆ. ಬೇರಿಂಗ್ ಅಂದರೆ ಒಂದರೊಳಗೊಂದು ಎರಡು ಬಳೆ, ನಡುವೆ ಗುಂಡುಗಳು; ಮೋಟರಿನ ತಿರುಗುವ ದಂಡ, ಅಂದರೆ ಶಾಫ್ಟ್, ಅದರೊಳಗೆ ಕೂರುತ್ತದೆ. ಮ್ಯಾನ್ಯುಯಲ್‌ನ ಅರ್ಧ ಪುಟದಲ್ಲಿ ಮೂರು ಪದಗಳಿದ್ದವು. ಮುಚ್ಚಳಕ್ಕೆ ‘ಪುಶ್’ ಅಂತಿತ್ತು. ಪಿನ್‌ಗೆ ‘ಡ್ರೈವ್’ ಅಂತಿತ್ತು. ಬೇರಿಂಗ್‌ಗೆ ‘ಪ್ರೆಸ್’ ಅಂತಿತ್ತು. ಮೂರರ ಕೆಲಸವೂ ಒಂದೇ, ವಸ್ತು ತನ್ನ ಜಾಗಕ್ಕೆ ಹೋಗಿ ಕೂರಬೇಕು, ಅಷ್ಟೇ ಎಂದುಕೊಂಡೆ. ಮೂರಕ್ಕೂ ‘ತಳ್ಳಿ ಕೂರಿಸಿ’ ಎಂದು ಬರೆದೆ. ಹಾಳೆ ಓದಲು ಚೆನ್ನಾಗಿತ್ತು.

ಹೊಸದಾಗಿ ಸೇರಿದ್ದ ಹುಡುಗನೊಬ್ಬ ಆ ಹಾಳೆ ನೋಡಿಕೊಂಡು ಕೆಲಸ ಮಾಡಿದ. ಬೇರಿಂಗನ್ನು ಶಾಫ್ಟ್ ಮೇಲಿಟ್ಟು ಎರಡೂ ಹೆಬ್ಬೆರಳಿಂದ ತಳ್ಳಿದ. ಹೋಗಲಿಲ್ಲ. ಇನ್ನೂ ಜೋರಾಗಿ ತಳ್ಳಿದ. ಆಗಲೂ ಹೋಗಲಿಲ್ಲ. ಪಕ್ಕದಲ್ಲೇ ಸುತ್ತಿಗೆ ಇತ್ತು. ಬೇರಿಂಗಿನ ಹೊರಗಿನ ಬಳೆಯ ಮೇಲೆ ನಾಲ್ಕು ಏಟು ಕೊಟ್ಟ. ಬೇರಿಂಗ್ ಕೂತಿತು. ಮೋಟರ್ ಓಡಿತು. ಮೂರು ವಾರ ಕಳೆದ ಮೇಲೆ ಅದು ಗೊರಗೊರ ಎನ್ನಲು ಶುರು ಮಾಡಿತು.

ಬಿಚ್ಚಿ, ಹೊರಬಳೆ ಕತ್ತರಿಸಿ ನೋಡಿದೆವು. ಗುಂಡು ಓಡಾಡುವ ದಾರಿಯಲ್ಲಿ ಸಣ್ಣ ಸಣ್ಣ ಗುಳಿಗಳು. ಗುಂಡುಗಳ ನಡುವೆ ಎಷ್ಟು ಅಂತರವೋ ಗುಳಿಗಳ ನಡುವೆಯೂ ಅಷ್ಟೇ ಅಂತರ. ಆಗಿದ್ದೇನು ಅಂದರೆ, ಶಾಫ್ಟನ್ನು ಬಿಗಿಯಾಗಿ ಹಿಡಿಯುವುದು ಒಳಬಳೆ. ಹೊಡೆತ ಬಿದ್ದಿದ್ದು ಹೊರಬಳೆಗೆ. ಆ ಏಟು ಒಳಬಳೆಗೆ ತಲುಪಬೇಕಾದರೆ ಗುಂಡುಗಳ ಮೂಲಕವೇ ಹೋಗಬೇಕು. ಹೋಗುವಾಗ ಪ್ರತಿ ಗುಂಡೂ ತನ್ನ ಗುರುತು ಒತ್ತಿಟ್ಟು ಹೋಯಿತು. ಆಮೇಲೆ ಮೋಟರ್ ತಿರುಗಿದಾಗಲೆಲ್ಲ ಗುಂಡುಗಳು ಆ ಗುಳಿಗಳಲ್ಲಿ ಬಿದ್ದು ಎದ್ದು ಓಡಿವೆ.

ಎಲ್ಲರೂ ಹುಡುಗನ ಕಡೆ ನೋಡಿದರು. ಅವನು ಹಾಳೆಯಲ್ಲಿ ಇದ್ದದ್ದನ್ನೇ ಮಾಡಿದ್ದ. ತಳ್ಳಿ ಅಂದರೆ ತಳ್ಳಿದ, ಹೋಗದಿದ್ದಾಗ ತನಗೆ ತೋಚಿದ್ದನ್ನು ಮಾಡಿದ. ತಪ್ಪು ನನ್ನ ಹಾಳೆಯದು ಎಂದು ಸೂಪರ್‌ವೈಸರ್ ಮುಂದೆ ಹೇಳಿದೆ. ಆ ದಿನ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಒಂದು ಬೇರಿಂಗ್ ಹೋಗಿದ್ದಕ್ಕಲ್ಲ. ಅಂಥ ಹಾಳೆಗಳನ್ನು ಆಗಲೇ ಇಪ್ಪತ್ತೋ ಇಪ್ಪತ್ತೈದೋ ಅಂಟಿಸಿದ್ದೆ.

ಮಾರನೇ ದಿನ ನಮ್ಮ ಹಿರಿಯ ಫಿಟ್ಟರ್ ಹತ್ತಿರ ಹೋಗಿ ಕೂತೆ. ಅವರು ಇಂಗ್ಲಿಷ್ ಅಷ್ಟಾಗಿ ಓದುವುದಿಲ್ಲ. ಮ್ಯಾನ್ಯುಯಲ್ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು: “ಕೈ ಏನು ಮಾಡುತ್ತೆ ಹೇಳು.” ಮುಚ್ಚಳ ಹಾಕುವಾಗ? ಕೈಯಲ್ಲೇ ಹೋಗುತ್ತೆ. ಪಿನ್ ಹಾಕುವಾಗ? ಸುತ್ತಿಗೆ ಬೇಕು. ಬೇರಿಂಗ್‌ಗೆ? ಒತ್ತುವ ಯಂತ್ರಕ್ಕೆ, ಪ್ರೆಸ್‌ಗೆ ಕೊಡಬೇಕು, ಇಲ್ಲ ಕಾಯಿಸಿ ಹಾಕಬೇಕು. “ಮತ್ತೆ ಮೂರಕ್ಕೂ ತಳ್ಳು ಅಂತ ಯಾಕೆ ಬರೆದೆ? ತಳ್ಳು, ಹೊಡಿ, ಒತ್ತು ಅಂತ ಬರಿ.” ನಿಜಕ್ಕೂ ಅಷ್ಟೇ ಇತ್ತು. ಪದಗಳು ನಮ್ಮಲ್ಲೇ ಇದ್ದವು. ನಾನು ಪದಕ್ಕೆ ಪದ ಹುಡುಕುತ್ತಿದ್ದೆ, ಕೈ ಕಡೆ ನೋಡಿರಲಿಲ್ಲ.

ಇಂಗ್ಲಿಷ್‌ನಲ್ಲಿ ಈ ಪದಗಳು ಸುಮ್ನೆ ಚಂದಕ್ಕೆ ಬಂದವಲ್ಲ ಎಂದು ಆಮೇಲೆ ಗೊತ್ತಾಯಿತು. ಹಳೇ ಕಾಲದ ಮೆಷಿನಿಸ್ಟ್‌ಗಳು ಬಿಗಿತವನ್ನೇ ಈ ಹೆಸರುಗಳಿಂದ ಕರೆಯುತ್ತಿದ್ದರು. ಪುಶ್ ಫಿಟ್, ಡ್ರೈವ್ ಫಿಟ್, ಪ್ರೆಸ್ ಫಿಟ್, ಫೋರ್ಸ್ ಫಿಟ್, ಕಾಯಿಸಿ ಹಾಕುವುದಾದರೆ ಶ್ರಿಂಕ್ ಫಿಟ್. ಈಗ ಡ್ರಾಯಿಂಗ್‌ನಲ್ಲಿ ಅದೇ ಮಾತು ಅಕ್ಷರ, ಅಂಕಿಯಾಗಿ ಬರುತ್ತದೆ. 25 ಮಿಲಿಮೀಟರ್ ತೂತಿಗೆ ಎಚ್7 ಎಂದಿದ್ದರೆ ತೂತು 25.000ರಿಂದ 25.021ರ ಒಳಗಿರಬೇಕು. ಅದರೊಳಗೆ ಹೋಗುವ ಪಿನ್‌ಗೆ ಕೆ6 ಎಂದಿದ್ದರೆ 25.002ರಿಂದ 25.015. ಕೆಲವು ಪಿನ್ ಸಲೀಸಾಗಿ ಹೋಗುತ್ತವೆ, ಕೆಲವನ್ನು ತಟ್ಟಬೇಕಾಗುತ್ತದೆ. ಪಿ6 ಎಂದಿದ್ದರೆ 25.022ರಿಂದ 25.035. ಈಗ ಪಿನ್ ಯಾವಾಗಲೂ ತೂತಿಗಿಂತ ದಪ್ಪ. ಹೆಬ್ಬೆರಳಿಗೆ ಅಲ್ಲಿ ಕೆಲಸವಿಲ್ಲ. ಪುಶ್ ಮತ್ತು ಪ್ರೆಸ್ ನಡುವಿನ ವ್ಯತ್ಯಾಸ ಇಲ್ಲಿ ಕೂದಲೆಳೆಗಿಂತ ಕಡಿಮೆ, ಆದರೆ ಕೆಲಸದ ರೀತಿಯೇ ಬೇರೆ.

‘ಡ್ರೈವ್’ ಪದವೇ ನನಗೆ ತುಂಬಾ ಇಷ್ಟವಾಗಿದ್ದು. ಅವರು ದನ ಅಟ್ಟಿಕೊಂಡು ಹೋಗುವುದಕ್ಕೂ, ಗಾಡಿ ಓಡಿಸುವುದಕ್ಕೂ, ಮೊಳೆ ಇಳಿಸುವುದಕ್ಕೂ ಅದೇ ಪದ ಬಳಸುತ್ತಾರೆ. ನಮ್ಮೂರಲ್ಲಿ ಏನಂತೀವಿ? ದನ ಹೊಡ್ಕೊಂಡು ಬಾ. ಗಾಡಿ ಹೊಡಿ. ಮೊಳೆ ಹೊಡಿ. ಮೂರಕ್ಕೂ ಒಂದೇ ಪದ! ಇದು ಹೊಳೆದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ.

‘ಡ್ರಾ’ ಕೂಡ ಹಾಗೇ. ಡ್ರಾ ಅಂದರೆ ಚಿತ್ರ ಬರೆಯುವುದು ಎಂದು ಶಾಲೆಯಲ್ಲಿ ಕಲಿತಿದ್ದೆವು. ಕಾರ್ಖಾನೆಯಲ್ಲಿ ವೈರ್ ಡ್ರಾಯಿಂಗ್ ಅಂದರೆ ದಪ್ಪ ಸರಳನ್ನು ಚಿಕ್ಕ ತೂತಿನಿಂದ ಎಳೆದು ತಂತಿ ಮಾಡುವುದು. ಮನೆಯ ಸ್ಟೀಲ್ ಲೋಟವೂ ಡೀಪ್ ಡ್ರಾಯಿಂಗ್‌ನಿಂದಲೇ ಆಗುವುದು, ತಗಡಿನ ಬಿಲ್ಲೆಯನ್ನು ಅಚ್ಚಿನೊಳಗೆ ಎಳೆದು. ಬರೆಯುವುದಕ್ಕೂ ಎಳೆಯುವುದಕ್ಕೂ ಏನು ಸಂಬಂಧ ಎಂದು ತಲೆ ಕೆಡಿಸಿಕೊಂಡಿದ್ದೆ. ಆದರೆ ನಾವೂ ಗೆರೆ ‘ಎಳೆ’ಯುತ್ತೇವೆ, ರಂಗೋಲಿ ‘ಎಳೆ’ಯುತ್ತೇವೆ. ಇನ್ನು ಎಕ್ಸ್‌ಟ್ರೂಶನ್ ಎಂದರೆ ಹುಡುಗರು ಕಣ್ಣರಳಿಸುತ್ತಿದ್ದರು. ಶಾವಿಗೆ ಒತ್ತುವುದು ಎಂದೆ, ಮುಗಿಯಿತು. ಎರಡರಲ್ಲೂ ವಸ್ತು ತೂತಿನಿಂದಲೇ ಬರುತ್ತದೆ. ತಂತಿಯನ್ನು ಮುಂದಿನಿಂದ ಎಳೆಯುತ್ತೇವೆ, ಶಾವಿಗೆಯನ್ನು ಹಿಂದಿನಿಂದ ಒತ್ತುತ್ತೇವೆ.

ಎಲ್ಲವೂ ಹೀಗೆ ಸುಲಭಕ್ಕೆ ಕೂರಲಿಲ್ಲ. ‘ಡ್ರ್ಯಾಗ್’ ಅನ್ನು ಎಳೆ ಎಂದು ಬರೆದರೆ ನೆಲಕ್ಕೆ ಉಜ್ಜುತ್ತಾ ಬರುವ ಮಾತು ಬಿಟ್ಟೇ ಹೋಗುತ್ತದೆ. ಕ್ರೇನಿನ ಸ್ಲಿಂಗನ್ನು, ಅಂದರೆ ಭಾರ ಎತ್ತಲು ಸುತ್ತುವ ಪಟ್ಟಿಯನ್ನು, ಭಾರದ ಅಡಿಯಿಂದ ಡ್ರ್ಯಾಗ್ ಮಾಡಬೇಡಿ ಎಂದರೆ ಅಲ್ಲಿರುವ ಭಯವೇ ಉಜ್ಜಿ ಪಟ್ಟಿಯ ಎಳೆಗಳು ಕಿತ್ತುಹೋಗುವುದರದ್ದು. ಅಲ್ಲಿ ‘ಉಜ್ಜಿಕೊಂಡು ಬರುವ ಹಾಗೆ ಎಳೆಯಬೇಡಿ’ ಎಂದು ಉದ್ದಕ್ಕೇ ಬರೆದೆ. ‘ಶವ್’ ಅಂದರೆ ನೂಕುವುದು, ನೂಕುನುಗ್ಗಲಿನ ನೂಕು. ಟ್ರಾಲಿಯನ್ನು ತಳ್ಳಿದರೆ ಕೈ ಅದರ ಮೇಲೇ ಇರುತ್ತದೆ. ನೂಕಿದರೆ ಅದು ಕೈಬಿಟ್ಟು ಹೋಗುತ್ತದೆ, ಎಲ್ಲಿ ನಿಲ್ಲುತ್ತೋ ಗೊತ್ತಿಲ್ಲ. ಎಮರ್ಜೆನ್ಸಿ ಸ್ಟಾಪ್‌ನ ಕೆಂಪು ಗುಂಡಿಗೆ ‘ಒತ್ತಿ’ ಎಂದಿದ್ದನ್ನು ಅಳಿಸಿ ‘ಅಂಗೈಯಿಂದ ಗುದ್ದಿ’ ಎಂದು ಬರೆದೆ. ಆ ಹೊತ್ತಿನಲ್ಲಿ ಬೆರಳಿಟ್ಟು ನಾಜೂಕಾಗಿ ಒತ್ತುವ ಮಾತೇ ಬೇಡ. ಶಾಫ್ಟಿನ ಉದ್ದಕ್ಕೆ ಬೀಳುವ ಒತ್ತನ್ನು ತಡೆಯುವ ಥ್ರಸ್ಟ್ ಬೇರಿಂಗಿನ ಹೆಸರನ್ನು ಮಾತ್ರ ಹಾಗೇ ಬಿಟ್ಟೆ. ಅಂಗಡಿಯಲ್ಲೂ ಆ ಹೆಸರೇ ಕೇಳಬೇಕು.

ಟಾರ್ಕ್, ಅಂದರೆ ಬೋಲ್ಟನ್ನು ಎಷ್ಟು ತಿರುಚಿ ಬಿಗಿಯಬೇಕು ಎಂಬ ಲೆಕ್ಕ, ಅದರ ವಿಷಯದಲ್ಲಿ ನಾನು ಜಾಸ್ತಿ ಹೊತ್ತು ಕೂತೆ. ಪುಸ್ತಕದಲ್ಲಿ ಫೋರ್ಸ್‌ಗೆ ಬಲ ಎಂದಿದೆ. ಶಾಪ್‌ಫ್ಲೋರ್‌ನಲ್ಲಿ ಫೋರ್ಸು, ಪ್ರೆಶರ್ರು, ಟಾರ್ಕು ಎಲ್ಲವೂ ‘ಬಲ’, ಇಲ್ಲವೇ ‘ಟೈಟು’. ಬೋಲ್ಟಿಗೆ 45 ನ್ಯೂಟನ್ ಮೀಟರ್ ಎಂದು ಬರೆದಿದ್ದರೆ ಅದು ಕೈಯ ಬಲವೊಂದೇ ಅಲ್ಲ, ಸ್ಪ್ಯಾನರ್‌ನ ಹಿಡಿಯ ಉದ್ದವೂ ಸೇರಿದ ಲೆಕ್ಕ. 30 ಸೆಂಟಿಮೀಟರ್ ಹಿಡಿಯ ತುದಿಯಲ್ಲಿ 150 ನ್ಯೂಟನ್, ಅಂದರೆ ಸುಮಾರು 15 ಕೆಜಿ ಭಾರ ನೇತು ಹಾಕಿದಷ್ಟು. ಅದೇ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ 60 ಸೆಂಟಿಮೀಟರ್ ಮಾಡಿಕೊಂಡು ಅಷ್ಟೇ ಬಲ ಹಾಕಿದರೆ 90 ಆಗಿಬಿಡುತ್ತದೆ. ಕೈಗೆ ಗೊತ್ತೇ ಆಗುವುದಿಲ್ಲ, ಬೋಲ್ಟ್‌ಗೆ ಗೊತ್ತಾಗುತ್ತದೆ. ಈಗ ಹಾಳೆಯಲ್ಲಿ ‘ಬಲವಾಗಿ ಬಿಗಿಯಿರಿ’ ಎಂದು ಎಲ್ಲೂ ಬರೆಯುವುದಿಲ್ಲ. ‘ಟಾರ್ಕ್ ರೆಂಚ್ 45ಕ್ಕೆ ಇಟ್ಟು, ಕ್ಲಿಕ್ ಅಂದ ಕೂಡಲೇ ನಿಲ್ಲಿಸಿ’ ಎಂದು ಬರೆಯುತ್ತೇನೆ.

ಪ್ರೆಶರ್ ಕೂಡ ಹೀಗೇ ಮೋಸ ಮಾಡುತ್ತದೆ. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಪ್ರೆಸ್‌ನ ಗೇಜ್ 100 ಬಾರ್ (ಬಾರ್ ಒತ್ತಡದ ಅಳತೆ) ತೋರಿಸುತ್ತಿದೆ ಎಂದುಕೊಳ್ಳಿ. ಪಿಸ್ಟನ್ 50 ಮಿಲಿಮೀಟರ್ ಅಗಲವಿದ್ದರೆ ಸುಮಾರು 2 ಟನ್ ಒತ್ತುತ್ತದೆ. 100 ಮಿಲಿಮೀಟರ್ ಇದ್ದರೆ ಅದೇ ಗೇಜ್, ಅದೇ ಮುಳ್ಳು, ಆದರೆ ಸುಮಾರು 8 ಟನ್. “ಆ ಪ್ರೆಸ್‌ನಲ್ಲಿ 100ಕ್ಕೆ ಇಟ್ಟಿದ್ದೆ, ಇಲ್ಲೂ 100ಕ್ಕೆ ಇಡ್ತೀನಿ” ಎಂದು ಯಾರಾದರೂ ಹೇಳಿದರೆ ನಾನು ಓಡಿ ಹೋಗಿ ನಿಲ್ಲಿಸುತ್ತೇನೆ.

ಇನ್ನೊಂದು ಪಾಠ ಕಲಿಸಿದ್ದು ಬಾಗಲಕೋಟೆ ಹುಡುಗ. ‘ಕೇಬಲ್ ಟಗ್ ಮಾಡಬೇಡಿ’ ಎಂಬುದನ್ನು ನಾನು ‘ವೈರ್ ಜಗ್ಗಬೇಡಿ’ ಎಂದು ಬರೆದಿದ್ದೆ. ನಮ್ಮ ಕಡೆ ಜಗ್ಗು ಅಂದರೆ ಜೋರಾಗಿ, ಹಿಡಿದು ಎಳೆಯುವುದು. ಅವನ ಕಡೆ ಎಳೆಯುವುದಕ್ಕೆಲ್ಲ ಜಗ್ಗು ಅಂತಾರೆ. “ಸರ್, ಜಗ್ಗಬ್ಯಾಡಂದ್ರ ಪ್ಲಗ್ ಹೆಂಗ ತೆಗೀಬೇಕ್ರಿ?” ಎಂದು ಕೇಳಿದ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಈಗ ಹಾಳೆಯಲ್ಲಿ ‘ಪ್ಲಗ್ ಹಿಡಿದು ನಿಧಾನಕ್ಕೆ ಹೊರಗೆ ತೆಗೆಯಿರಿ, ವೈರ್ ಹಿಡಿದು ತೆಗೆಯಬೇಡಿ’ ಎಂದಿದೆ. ಅಂದಿನಿಂದ ಹೊಸ ಹಾಳೆ ಅಂಟಿಸುವ ಮುಂಚೆ ಒಬ್ಬ ಉತ್ತರದ ಹುಡುಗ, ಒಬ್ಬ ದಕ್ಷಿಣದ ಹುಡುಗ ಇಬ್ಬರಿಗೂ ಕೊಡುತ್ತೇನೆ. ಓದಿ, ಬರೀ ಕೈಯಲ್ಲಿ ಮಾಡಿ ತೋರಿಸಬೇಕು. ಇಬ್ಬರ ಕೈಯೂ ಒಂದೇ ಥರ ಆಡಿದರೆ ಮಾತ್ರ ಅಂಟಿಸುವುದು.

ಬೇರಿಂಗ್ ಹಾಳೆ ಈಗ ಹೀಗಿದೆ: ‘ಮುಚ್ಚಳವನ್ನು ಕೈಯಿಂದ ತಳ್ಳಿ. ಪಿನ್ ಅನ್ನು ಸುತ್ತಿಗೆಯಿಂದ ಹೊಡೆದು ಇಳಿಸಿ. ಬೇರಿಂಗನ್ನು ಒಳಬಳೆಗೆ ಮಾತ್ರ ತಾಗುವ ಪೈಪ್ ಇಟ್ಟು ಪ್ರೆಸ್‌ನಲ್ಲಿ ಒತ್ತಿ. ಪ್ರೆಸ್ ಇಲ್ಲದಿದ್ದರೆ ಹೀಟರ್‌ನಲ್ಲಿ 110 ಡಿಗ್ರಿಗೆ ಕಾಯಿಸಿ ಹಾಕಿ. ಬೇರಿಂಗ್‌ಗೆ ಸುತ್ತಿಗೆ ತಾಗಿಸಬೇಡಿ.’ ಅವತ್ತು ಸುತ್ತಿಗೆ ಹಿಡಿದಿದ್ದ ಹುಡುಗನೇ ಈಗ ಹೊಸಬರಿಗೆ ಇದನ್ನು ಹೇಳಿಕೊಡುವುದು. ಕತ್ತರಿಸಿದ ಆ ಹೊರಬಳೆ ಅವನ ಟೂಲ್ ಬಾಕ್ಸ್‌ನಲ್ಲಿದೆ, ಗುಳಿಗಳನ್ನು ಬೆರಳಿಂದ ಮುಟ್ಟಿಸಿ ತೋರಿಸುತ್ತಾನೆ.

ಒಂದು ಪದ ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ. ಪ್ಯಾನೆಲ್ ಮೇಲಿನ ‘ಜಾಗ್’ ಬಟನ್. ಒತ್ತಿದಷ್ಟು ಹೊತ್ತು ಯಂತ್ರ ಚೂರೇ ಚೂರು ಸರಿದು, ಬಿಟ್ಟ ಕೂಡಲೇ ನಿಲ್ಲುತ್ತದಲ್ಲ, ಅದು. ‘ಚೂರು ಸರಿಸು’ ಎಂದು ಸದ್ಯಕ್ಕೆ ಬರೆದಿದ್ದೇನೆ, ಒತ್ತಿಯೇ ಹಿಡಿದಿರಬೇಕು ಎಂಬುದು ಅದರಲ್ಲಿ ಬರುವುದಿಲ್ಲ. ನಿಮ್ಮ ಕೆಲಸದ ಜಾಗದಲ್ಲಿ ಅದಕ್ಕೆ ಏನಂತೀರಿ? ಗೊತ್ತಿದ್ದರೆ ದಯವಿಟ್ಟು ಹೇಳಿ. ಮುಂದಿನ ವಾರ ಆ ಹಾಳೆ ಮತ್ತೆ ಪ್ರಿಂಟ್ ಆಗಬೇಕು.